ಖಳನ ತೂಕ

ಆಟ ಮುಗಿಯಲು ಹನ್ನೆರಡು ನಿಮಿಷ ಇದೆ ಎನ್ನುವಾಗ
ನಾವಿಬ್ಬರು ಒಳಗೆ ಹೋಗುತ್ತೇವೆ, ನಾನು ಮತ್ತು ಶಫೀಕುಲ್.
ಕೈಯಲ್ಲಿ ಕಪ್ಪು ಚೀಲ, ಉದ್ದ ಹಿಡಿಯ ಮೊರ.
ಗೋಡೆಗೆ ಬೆನ್ನು ಕೊಟ್ಟು ಕತ್ತಲೆಯಲ್ಲಿ ನಿಲ್ಲುತ್ತೇವೆ.
ಹೊರಗೆ ಮನಾಮಾ, ನಲವತ್ತಾರು ಡಿಗ್ರಿ.
ಒಳಗೆ ಖಳ ಸಾಯುತ್ತಿರುತ್ತಾನೆ.

ಆರು ವರ್ಷ. ದಿನಕ್ಕೆ ಐದು ಆಟ.
ಎಷ್ಟು ಸಾವು, ನೀವೇ ಲೆಕ್ಕ ಹಾಕಿ.
ಗೋಪುರದಿಂದ ಬಿದ್ದವರು, ತಮ್ಮದೇ ಯಂತ್ರ ಸಿಡಿದು ಹೋದವರು,
ಆಕಾಶಕ್ಕೆ ನೀಲಿ ತೂತು ಕೊರೆದು
ಅದರೊಳಗೇ ಸೆಳೆದುಕೊಂಡು ಹೋದವರು,
ನಾಯಕ ಚಾಚಿದ ಕೈಯನ್ನು ಹಿಡಿಯದೆ
ತಾವಾಗಿ ಕೆಳಗೆ ಬಿಟ್ಟುಕೊಂಡವರು
(ಇವರ ಮೇಲೆ ನನಗೆ ತುಸು ಗೌರವ).
ಆದರೆ ಯಾಕೆ ಕೆಟ್ಟರೋ ಗೊತ್ತಿಲ್ಲ.
ಅದೆಲ್ಲ ಮೊದಲರ್ಧದಲ್ಲಿ ಇರುತ್ತದಂತೆ. ಆಗ ನಾನು
ನಾಲ್ಕನೇ ಪರದೆಯ ಪಕ್ಕ ಕಕ್ಕಸು ತೊಳೆಯುತ್ತಿರುತ್ತೇನೆ.

ಯಾವ ಖಳ ಗೆದ್ದ, ಯಾವನು ಸೋತ
ಎಂದು ನನ್ನನ್ನು ಕೇಳಿ.
ಬಕೆಟ್ಟುಗಳು ಸಾಲುಸಾಲಾಗಿ ಬರಿದಾಗಿದ್ದರೆ ಸೋತ:
ಲೋಕ ಸುಡುತ್ತೇನೆ ಎಂದು ಅವನು ಗುಡುಗಿದಾಗ
ಜನ ಮೆಲ್ಲುತ್ತಿದ್ದರು,
ತಳದ ಸಿಡಿಯದ ಕಾಳನ್ನೂ ಬಿಟ್ಟಿಲ್ಲ.
ಪಾಪ್‌ಕಾರ್ನ್ ಅರ್ಧ ಉಳಿದಿದ್ದರೆ
ಆ ಸೀಟಿನವನ ಕೈ ಎಲ್ಲೋ ನಡುವೆ ನಿಂತುಹೋಗಿತ್ತು.
ಶಫೀಕುಲ್ ಚೀಲ ಎತ್ತಿ ನೋಡಿ, "ನಾಲ್ಕು ಕಿಲೋ," ಅನ್ನುತ್ತಾನೆ.
"ಹಾಗಾದರೆ ಎರಡು ವಾರ ಓಡುತ್ತೆ," ಅನ್ನುತ್ತೇನೆ.

ಈದ್‌ಗೆ ಒಬ್ಬ ಬಂದಿದ್ದ. ಹದಿನೆಂಟು ಕೈ,
ಬಾಯಲ್ಲಿ ಬೆಂಕಿ, ಹೆಗಲ ಮೇಲೆ ಇಡೀ ಒಂದು ಗ್ರಹ.
ಚೀಲ ಎಸಿಯ ಗಾಳಿಗೆ ಹಾರಿತು.
ನಾನು ಕಂಡ ಹನ್ನೆರಡು ನಿಮಿಷದಲ್ಲಿ ಒಂಬತ್ತು ನಿಮಿಷ
ತಾನೇನು ಮಾಡುವವನಿದ್ದೇನೆಂದು ಹೇಳುತ್ತಲೇ ಇದ್ದ.
ಗಂಗೊಳ್ಳಿಯ ಮೀನುಪೇಟೆಯಲ್ಲಿ
ಹೆಚ್ಚು ಬಾಯಿ ಮಾಡುವವಳ ಬುಟ್ಟಿಯ ಮೀನು ನಿನ್ನೆಯದು.

ಬಯಲಾಟದ ರಕ್ಕಸನಿಗೆ ಆ ಬುದ್ಧಿ ಇತ್ತು.
ನಡುರಾತ್ರಿ ದಾಟಿದರೂ ಬರುತ್ತಿರಲಿಲ್ಲ.
ತೆರೆಯ ಹಿಂದಿನಿಂದ ಒಂದು ಆರ್ಭಟ, ಅಷ್ಟೇ.
ಅಜ್ಜಿ ಕೊಡಿಸಿದ ಕಡಲೆಯ ಪೊಟ್ಟಣ
ನನ್ನ ಮುಷ್ಟಿಯಲ್ಲಿ ಬೆಳಗಿನವರೆಗೆ ಹಾಗೇ.

ಈ ತಿಂಗಳ ಖಳನಿಗೆ ಕೈ ಎರಡೇ.
ಗಡಿಯಾರ ರಿಪೇರಿಯವನಂಥ ಕನ್ನಡಕ, ತಗ್ಗಿದ ದನಿ.
ಸಾಯುವಾಗ ಒಂದೇ ಮಾತು.
ಕೆಳಗೆ ಅರಬ್ಬಿ ಅಕ್ಷರ ಬಲದಿಂದ ಎಡಕ್ಕೆ ಓಡಿ ನಿಲ್ಲುತ್ತದೆ.
ನಲವತ್ತು ಸಲ ಕೇಳಿದ ಮೇಲೆ ನನಗೆ ಅರ್ಥವಾಯಿತು:
"ನನ್ನ ಹೆಸರನ್ನು ಸರಿಯಾಗಿ ಬರೆದಿದ್ದರೆ ಸಾಕಿತ್ತು."

ನಾನು ದುರ್ಗಪ್ಪ ಖಾರ್ವಿ.
ಎದೆಯ ಬಿಲ್ಲೆಯಲ್ಲಿ ದುರ್ಕಬಾ.
ಸಿಟ್ಟೇನಿಲ್ಲ. ಒಮ್ಮೆ ಮುಟ್ಟಿ ನೋಡಿಕೊಂಡೆ.
ಆ ರಾತ್ರಿ ಚೀಲ ಒಂಬತ್ತು ಕಿಲೋ. ಶಫೀಕುಲ್ ತೂಕ ಹೇಳಲಿಲ್ಲ.

ರಜೆಯ ದಿನ ನಾನೇ ಟಿಕೆಟ್ ತೆಗೆದೆ.
ಮೂರೂವರೆ ದಿನಾರು, ಎಫ್ ಹನ್ನೊಂದು.
ದೊಡ್ಡ ಬಕೆಟ್ಟನ್ನೇ ಕೊಂಡೆ, ಮಾಡುವುದೇನು,
ನೋಡುವವರು ಹಾಗೇ ಅಲ್ಲವೇ ನೋಡುವುದು.
ಮೊದಲ ಸಲ ಮೊದಲಿನಿಂದ.

ಒಂದು ಕಚೇರಿ. ಉದ್ದ ಸಾಲು. ಅವನಿಗೆ ಎಂಟು ವರ್ಷ.
ಕಿಟಕಿಯ ಹಿಂದಿನವನು ಕಾಗದ ನೋಡಿ,
"ಈ ಹೆಸರಿನವರು ಇಲ್ಲ," ಎಂದು ವಾಪಸು ತಳ್ಳುತ್ತಾನೆ.
ಹಿಂದೆ ನಿಂತ ಹುಡುಗನ ಕಾಗದಕ್ಕೆ ಮೊಹರು ಬೀಳುತ್ತದೆ.
ಆ ಹುಡುಗ ಮುಂದೆ ಹಾರಲು ಕಲಿತ.
ಇವನು ಅಲ್ಲೇ ನಿಂತ,
ಸಾಲು ಕರಗಿ, ಗುಡಿಸುವವರು ಬಂದು
ಕಾಲೆತ್ತು ಎನ್ನುವ ತನಕ.

ಆಮೇಲೆ ಎಷ್ಟು ಹೊತ್ತು ಹೋಯಿತೋ.
ಬಾಗಿಲು ಸರಿದು ಬೆಳಕಿನ ಒಂದು ಗೆರೆ.
ಶಫೀಕುಲ್, ಜೊತೆಗೆ ಹೊಸ ಹುಡುಗ,
ಗೋಡೆಗೆ ಬೆನ್ನು ಕೊಟ್ಟು ನಿಂತರು.
ಹನ್ನೆರಡು ನಿಮಿಷ ಇದೆ ಎಂದಾಯಿತು.

ಎದ್ದೆ.
ಮೊಣಕಾಲುಗಳ ಮುಂದೆ ಸಾರಿ, ಸಾರಿ, ಎನ್ನುತ್ತಾ ದಾಟಿದೆ.
ಸಮವಸ್ತ್ರವಿಲ್ಲದ ನನ್ನನ್ನು ಶಫೀಕುಲ್ ಗುರುತಿಸಲಿಲ್ಲ,
"ಸರ್," ಎಂದು ಚೀಲ ಸರಿಸಿ ದಾರಿ ಬಿಟ್ಟ.
ನನ್ನ ಬೆನ್ನ ಹಿಂದೆ ಅವನು ಇನ್ನೂ ಬದುಕಿದ್ದ,
ಯಂತ್ರ ಶುರುಮಾಡಿರಲಿಲ್ಲ,
ಕನ್ನಡಕ ಒರೆಸಿಕೊಳ್ಳುತ್ತಿದ್ದ.

ರಾತ್ರಿ ರೂಮಿನಲ್ಲಿ ಅನ್ನಕ್ಕೆ ಸಾರು ಸುರಿಯುತ್ತಾ ಶಫೀಕುಲ್ ಹೇಳಿದ:
"ಎಫ್ ಹನ್ನೊಂದರಲ್ಲಿ ತುಂಬಿದ ಬಕೆಟ್ಟು ಕಣೋ.
ಒಂದು ಕಾಳೂ ಮುಟ್ಟಿಲ್ಲ ಆಸಾಮಿ.
ಹೆದರಿ ಓಡಿಹೋದ ಅನ್ನಿಸುತ್ತೆ."

ಹೌದೇ, ಎಂದೆ.
ನಾಳೆಯ ಅಂಗಿಗೆ ಬಿಲ್ಲೆ ಚುಚ್ಚುತ್ತಿದ್ದೆ.