ಯಾರದೂ ಅಲ್ಲದ ಫೈಲು

ಪ್ರಿಂಟರಿಗೆಂದು ಅಪ್‌ಡೇಟ್ ಕೊಟ್ಟದ್ದು ನಾನೇ.
ಅರ್ಧದಲ್ಲಿ ನಿಂತಿತು.
ಪ್ಯಾಕೇಜ್ ಮ್ಯಾನೇಜರು ಒಂದೇ ಹಟ:
ಗೂಢಲಿಪಿಯ ತಂತ್ರಾಂಶ ಕಿತ್ತುಹಾಕು, ಮುಂದೆ ಹೋಗುತ್ತೇನೆ.
ಕಿತ್ತರೆ, ಬಲ್ಲಾಳರು ಮೂವತ್ತು ವರ್ಷ ಬರೆದ ಆಧಾರಗಳ
ಬೀಗ ತೆಗೆಯುವುದು ಯಾರು?

ಕೆಳಗೆ ಬದಿಯಡ್ಕ ಪೇಟೆ.
ಕಾಸರಗೋಡಿನ ಬಸ್ಸು ಹಾರನ್ ಒತ್ತಿ ಒತ್ತಿ ಹೋಯಿತು.
ಭಾಗಪತ್ರಕ್ಕೆ ಬಂದ ಅಣ್ಣ ತಮ್ಮ ಕೂತಿದ್ದಾರೆ,
ನಡುವೆ ಒಂದು ಕುರ್ಚಿ ಖಾಲಿ.

"ಒತ್ತಾಯದಿಂದ ಹಾಕಿದರೆ?" ಫೋನಿನಲ್ಲಿ ಕೇಳಿದೆ.
"ಬೇಡ," ಅಂದಳು ಮಿಸ್ರಿಯಾ,
"ಒತ್ತಾಯದ ರುಜು ನಿಲ್ಲುವುದಿಲ್ಲ,
ನಿಮಗೇ ಗೊತ್ತುಂಟಲ್ಲ.
ಆ ಲೈಬ್ರರಿ ಫೈಲು ಯಾರದ್ದು, ಮೊದಲು ಅದನ್ನು ಕೇಳಿ."

ಕೇಳಿದೆ.
ಯಾವ ಪ್ಯಾಕೇಜಿನದ್ದೂ ಅಲ್ಲ, ಎಂದಿತು ಪರದೆ.

ಎರಡು ಮಳೆಗಾಲದ ಹಿಂದೆ
ಏನೋ ಅವಸರಕ್ಕೆ ನಾನೇ ಕೈಯಾರೆ ತಂದಿಟ್ಟದ್ದು.
ಪಟ್ಟಿಯಲ್ಲಿ ಹೆಸರಿಲ್ಲ, ಕೂತ ಜಾಗ ಬಿಡುವುದಿಲ್ಲ;
ಹೊಸಬ ಬಂದರೆ ಬಾಗಿಲಿಗೆ ಅಡ್ಡ.
ನೋಂದಣಿಯಾಗದ ಚೀಟಿ ಹಿಡಿದು ಬಂದವರಿಗೆ
ಇದೇ ಮೇಜಿನಿಂದ ಎಷ್ಟು ಬುದ್ಧಿ ಹೇಳಿದ್ದೇನೆ ನಾನು!

ಕೀಲಿಯ ಪ್ರತಿ ಮೊದಲು ಪೆನ್‌ಡ್ರೈವಿಗೆ.
ಆಮೇಲೆ ಆ ಫೈಲನ್ನು ಎತ್ತಿ ಹೊರಗಿಟ್ಟೆ,
ಅಳಿಸಲಿಲ್ಲ, ಭಯ.
ತಂತ್ರಾಂಶ ಮತ್ತೆ ಬಂತು, ಈ ಸಲ ಮುಂಬಾಗಿಲಿನಿಂದ,
ಯಾರು ಯಾರನ್ನು ನೆಚ್ಚಿದ್ದಾರೆಂದು
ಒಬ್ಬೊಬ್ಬರ ಹೆಸರೂ ಬರೆಸಿಕೊಂಡು.

ಗುಪ್ತಪದ ಕೇಳಿತು.
ಬಲ್ಲಾಳರು ಕನ್ನಡಕ ಏರಿಸಿ
ಕೀಲಿಮಣೆ ತನ್ನತ್ತ ಎಳೆದುಕೊಂಡರು.
"ಸ್ವಲ್ಪ ಆಚೆ ನೋಡಿ ಮಾರಾಯ್ರೆ."

ಅಣ್ಣ ತಮ್ಮ ತಿರುಗಿದರು,
ಇಬ್ಬರೂ ಒಂದೇ ಕಿಟಕಿಯ ಕಡೆಗೆ.