ಇತ್ತೋ

ಅವಳ ಹೆಸರು ಇತ್ತೋ.
ಅವಳ ಅಮಾಜಿಗ್ ನುಡಿಯಲ್ಲಿ ಅದು ಬರೀ ಹೆಸರು,
ಅಜ್ಜಿಯದು, ಆ ಅಜ್ಜಿಯ ಅಜ್ಜಿಯದು.
ನನ್ನ ನುಡಿಯಲ್ಲಿ ಅರ್ಧಕ್ಕೇ ನಿಂತ ಪ್ರಶ್ನೆ:
ಇತ್ತೋ,
ಇರಲಿಲ್ಲವೋ.

ಅಲ್ನಿಫ್. ಮೊರಾಕ್ಕೋ ಮರಳಿಗೆ ತಿರುಗುವ ಅಂಚು.
ಜೀರಿಗೆಗೂ ಕಲ್ಲುಹುಳಕ್ಕೂ ಹೆಸರಾದ ಊರು.
ಜೀರಿಗೆ ವರ್ಷಕ್ಕೊಮ್ಮೆ. ಹುಳಕ್ಕೆ ಋತುವಿಲ್ಲ;
ಮೂವತ್ತೊಂಬತ್ತು ಕೋಟಿ ವರ್ಷದ ಹಿಂದೆ
ಕಡಲ ಕೆಸರಲ್ಲಿ ಮುದುಡಿಕೊಂಡದ್ದು
ಇನ್ನೂ ಹಾಗೇ ಮುದುಡಿಕೊಂಡಿದೆ.

ಅಪ್ಪ ಬಾಸ್ಸೂ ಕಂಪ್ರೆಸರ್ ಗುಂಯ್‌ಗುಡಿಸುತ್ತ
ಸೂಜಿಮೊನೆಯಲ್ಲಿ ಕಲ್ಲು ಬಿಡಿಸುತ್ತಾನೆ.
ಮೂಗಿಗೆ ಹಳೆಯ ರುಮಾಲು, ರೆಪ್ಪೆಗೆ ಹಿಟ್ಟಿನಂಥ ಧೂಳು.
ಹುಳ ಸಿಕ್ಕ ದಿನ ಬಿಡಿಸುತ್ತಾನೆ,
ಸಿಗದ ದಿನ ಮಾಡುತ್ತಾನೆ:
ರೆಸಿನ್, ಕಲ್ಲಪುಡಿ, ಒಂದಿಷ್ಟು ಬೂಟಿನ ಕಪ್ಪು.
ಕೊಳ್ಳುವವರು ಕೇಳುವುದಿಲ್ಲ, ಅವನು ಹೇಳುವುದಿಲ್ಲ.
ಆ ಹೇಳದ ಮಾತಿನ ಮೇಲೆಯೇ ಅವಳ ಶಾಲೆ,
ಅವಳ ಕನ್ನಡಕ,
ಮರ್ರಾಕೇಶಿಗೆ ಹೋಗುವ ರಾತ್ರಿ ಬಸ್ಸು.

ಮೊದಲ ವರ್ಷ ತರಗತಿಯಲ್ಲಿ ಹದಿನಾಲ್ಕು ಜನ,
ಎರಡನೆಯದಕ್ಕೆ ಒಂಬತ್ತು.
ಫಾಸ್ಫೇಟ್ ಗಣಿ ಇಬ್ಬರನ್ನು ಕರೆಯಿತು, ಸಿಮೆಂಟು ಒಬ್ಬನನ್ನು.
ಉಳಿದಿಬ್ಬರು ಯಾಕೆ ಬಿಟ್ಟರೋ, ಯಾರೂ ಕೇಳಲಿಲ್ಲ.
‘ಸತ್ತದ್ದನ್ನು ಓದಿ ಬದುಕುವುದು ಹೇಗೆ?’
ಸೋದರಮಾವ ಚಹಾ ಎತ್ತರದಿಂದ ಹುಯ್ಯುತ್ತ ಕೇಳಿದ,
ನೊರೆ ಬಂತು, ಉತ್ತರ ಬರಲಿಲ್ಲ.

ಪ್ರೊಫೆಸರ್ ಸೆಬ್ತಿ ಮೇಡಂ ಮೇಜಿನೊಳಗೆ
ಒಂದು ಬಿಸ್ಕತ್ತಿನ ಡಬ್ಬ. ಅದರಲ್ಲಿ ಬೂಟಿನ ದುಡ್ಡು.
‘ನನಗೆ ತೀರಿಸಬೇಡ.
ನಿನ್ನ ಹಿಂದೆ ಬರುವವಳ ಕಾಲಳತೆ ನನಗಿನ್ನೂ ಗೊತ್ತಿಲ್ಲ,
ಅವಳಿಗೆ ಹಾಕು.’
ವಿದ್ಯಾರ್ಥಿವೇತನದ ಅರ್ಜಿಗೂ ಅವರೇ ಕೂತು
ಅವಳ ಫ್ರೆಂಚಿನ ಕಾಗುಣಿತ ತಿದ್ದಿದರು.
‘ಹಿಂದಿನ ಅನುಭವ’ ಎಂಬಲ್ಲಿ ನಾಲ್ಕು ಗೆರೆ ಖಾಲಿ.
ಎಂಟನೇ ವಯಸ್ಸಿಂದ, ಎಂದು ಬರೆದಳು.
ಹೊಡೆದುಹಾಕಿದಳು.

ರಬಾತ್. ಮೂರು ಕುರ್ಚಿ, ಒಂದು ಫ್ಯಾನು.
ಹತ್ತಿಯ ಮೇಲಿಟ್ಟ ಒಂದು ಹುಳ.
‘ಇದನ್ನು ವರ್ಣಿಸಿ.’
ಎತ್ತಿಕೊಂಡಳು. ತೂಕ ಅಂಗೈಗೆ ಮೊದಲೇ ಗೊತ್ತಿತ್ತು.
ಎಡಗಣ್ಣಲ್ಲಿ ಮಣಿಗಳ ಸಾಲು ಒಂದು ಹೆಚ್ಚು.
ಕಲ್ಲಚೂರು ಸಿಡಿದು ತನ್ನ ಎಡಗಣ್ಣು ಮಬ್ಬಾದ ವರ್ಷದಿಂದ
ಅಪ್ಪ ಮಾಡುವ ಪ್ರತಿಯೊಂದಕ್ಕೂ
ಎಡಗಡೆ ಒಂದು ಸಾಲು ಹೆಚ್ಚು.

ಫ್ಯಾನು ಮೂರು ಸುತ್ತು ಸುತ್ತಿತು, ನಾಲ್ಕು ಸುತ್ತಿತು.

‘ಇದು ಹುಳವಲ್ಲ,’ ಎಂದಳು.
‘ಹೇಗೆ ಗೊತ್ತು?’
‘ಗಾಜು ಹಿಡಿದು ನೋಡಿ, ಗಾಳಿಗುಳ್ಳೆಗಳಿವೆ.’
ನಿಜವೇ. ಗುಳ್ಳೆಗಳೂ ಇದ್ದವು.

ಕೆಲಸ ಎರಡು ವರ್ಷದ್ದು. ತಿಂಗಳಿಗೆ ನಾಲ್ಕು ಸಾವಿರ ದಿರ್ಹಾಮು,
ಮುಂದಿನದು ಅನುದಾನ ಬಂದರೆ.
ಸಂಗ್ರಹದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು
ಇತ್ತೋ ಇರಲಿಲ್ಲವೋ ಎಂದು ಬೇರೆ ಮಾಡುವುದು.

ರಾತ್ರಿ ಫೋನು. ಎಲ್ಲ ಹೇಳಿದಳು, ಹತ್ತಿಯನ್ನೂ.
ಆ ಕಡೆ ನಗು, ನಗುವಿನ ಬಾಲ ಹಿಡಿದು ಕೆಮ್ಮು,
ಬಹಳ ಹೊತ್ತು ಕೆಮ್ಮು.
ಆಮೇಲೆ ಮೆಲ್ಲಗೆ, ಅಂಗಡಿಯ ಬಾಗಿಲು ಎಳೆದುಕೊಂಡು
ಕೇಳಿದವನ ಹಾಗೆ:
‘ಮತ್ತೆ... ಚೆನ್ನಾಗಿತ್ತೋ?’

ಮೊದಲ ಸಂಬಳದಲ್ಲಿ ಅವನಿಗೊಂದು ಮುಖಗವುಸು,
ಎರಡು ಸೋಸುಬಿಲ್ಲೆಯದು. ಹಾಕಿಕೊಳ್ಳುತ್ತಾನೋ ಇಲ್ಲವೋ.
ಡಬ್ಬಕ್ಕೆ ಮೂವತ್ತೆಂಟನೇ ನಂಬರಿನ ಬೂಟಿನ ದುಡ್ಡು,
ಯಾವ ಕಾಲಿಗೋ.
ಪೆನ್ಸಿಲಿನಲ್ಲಿ ಬರೆದ ಮೊದಲ ಚೀಟಿ:
ರೆಸಿನ್. ಅಲ್ನಿಫ್.
ಕಾಲ: ಈಚಿನದು.
ಮಾಡಿದವರು: ಬಾಸ್ಸೂ. ಎಡಗಣ್ಣು ಗಮನಿಸಿ.

ಇನ್ನೂ ಇನ್ನೂರ ಹದಿನೇಳು ಪೆಟ್ಟಿಗೆ.