ಮೇಲಿನ ದೋಣಿ

ಚಂದ್ರನಿಲ್ಲದ ರಾತ್ರಿಗಳೇ ನಮಗೆ ಸುಗ್ಗಿ.
ಬೆಳದಿಂಗಳಿದ್ದರೆ ಮೀನು ಯಾಕಾದರೂ ಬಂದಾವು
ನಮ್ಮ ಬಡ ಪೆಟ್ರೋಮ್ಯಾಕ್ಸಿನ ಹತ್ತಿರ?

ಕಿಗೋಮದ ದಡ ಬಿಟ್ಟು ಒಂದು ತಾಸು.
ಟ್ಯಾಂಗನೀಕ ಸರೋವರ ಎಣ್ಣೆ ಸುರಿದ ಹಾಗೆ ಸುಮ್ಮನಿತ್ತು.
ಜೋಡಿದೋಣಿಯ ನಡುವೆ ಬಲೆ ಇಳಿಬಿಟ್ಟು
ದೀಪ ಹಚ್ಚಿ, ಕೂತು, ಕಾಯುವುದು:
ಈ ಕಸುಬಿನಲ್ಲಿ ಮುಕ್ಕಾಲು ಪಾಲು ಅದೇ.
ಉಳಿದದ್ದು ಸ್ಟಾಂಬುಲಿ ಮುದುಕನ ಬೈಗುಳ.

ಯಾಸಿನಿಯ ಫೋನು ಕುಂಯ್ ಅಂದಿತು.
ಮೊದಲು, ಎಂದಿನಂತೆ, ಆಚೆ ದಡದ ಟವರು:
‘ಕಾಂಗೊ ದೇಶಕ್ಕೆ ತಮಗೆ ಸುಸ್ವಾಗತ.’
ಆಮೇಲೆ ಇನ್ನೊಂದು: ಏಳು ನಲವತ್ತೆರಡಕ್ಕೆ
ಪಡುವಣದಲ್ಲಿ ನೋಡಿ, ಬಾಹ್ಯಾಕಾಶ ನಿಲ್ದಾಣ.

‘ನಿಲ್ದಾಣವೆ? ಯಾವ ಬಸ್ಸು ಬರುತ್ತದಂತೆ ಅಲ್ಲಿಗೆ?’
ಮುದುಕ ಕೇಳಿದ. ಯಾರೂ ನಗಲಿಲ್ಲ.
ಅಷ್ಟರಲ್ಲಿ ಅದು ಬಂದೇಬಿಟ್ಟಿತ್ತು

ಕಾಂಗೊ ಬೆಟ್ಟಗಳ ಬೆನ್ನಿಂದ,
ಸದ್ದಿಲ್ಲದೆ, ಹುಟ್ಟು ಹಾಕದೆ,
ಒಂದೇ ದೀಪದ ದೋಣಿ.
ವಿಮಾನದಂತೆ ಕಣ್ಣು ಹೊಡೆಯಲಿಲ್ಲ,
ಉಲ್ಕೆಯಂತೆ ಅವಸರಪಡಲಿಲ್ಲ.
ದಾರಿ ಗೊತ್ತಿದ್ದವರ ನಡಿಗೆ.

‘ಏಳು ಜನ ಇದ್ದಾರಂತೆ ಒಳಗೆ’ ಎಂದ ಯಾಸಿನಿ.
ಮುದುಕ ಬೆರಳು ಮಡಚಿ ನಮ್ಮನ್ನು ಎಣಿಸಿದ.
ತನ್ನನ್ನು ಬಿಟ್ಟು ಆರು ಅಂದ.
ಮತ್ತೆ ಎಣಿಸಿದ.

‘ಏನು ಹಿಡಿಯುತ್ತಾರೆ?’
‘ಏನೂ ಇಲ್ಲ ಅಜ್ಜ. ಸುತ್ತುತ್ತಾರೆ, ನೋಡುತ್ತಾರೆ, ಬರೆದಿಡುತ್ತಾರೆ.’
‘ದೀಪ ಹಚ್ಚಿಕೊಂಡು ಹೊರಟವನು
ಏನೂ ಹಿಡಿಯೋದಿಲ್ಲ ಅಂದರೆ ನಾನು ನಂಬೋದಿಲ್ಲ.’

ನೆತ್ತಿ ದಾಟಿತು. ಜತೆಗೇ ತಿರುಗಿದವು ನಮ್ಮ ಕತ್ತುಗಳು.
ಕಿಗೋಮದ ಗುಡ್ಡ ಇನ್ನೂ ಎಷ್ಟೋ ಕೆಳಗಿರುವಾಗಲೇ,
ಮೋಡವಿಲ್ಲ, ಮರೆಯಿಲ್ಲ,
ಮೊದಲು ಕೆಂಪಗಾಯಿತು,
ಆಮೇಲೆ ಯಾರೋ ತಿರುಪು ತಿರುಗಿಸಿದ ಹಾಗೆ ಸಣ್ಣಗೆ,
ಆಮೇಲೆ ಇಲ್ಲ.

ಭೂಮಿಯ ನೆರಳಿನೊಳಕ್ಕೆ ಹೋಯಿತು ಅಂತ ಯಾಸಿನಿ
ವಿವರಿಸುತ್ತಲೇ ಇದ್ದ. ಸ್ಟಾಂಬುಲಿಗೆ ಗೊತ್ತಿದ್ದದ್ದು ಬೇರೆ.
ಐವತ್ತು ವರ್ಷ ಅವನು ದೀಪ ಸಣ್ಣದು ಮಾಡಿದ್ದು ಒಂದೇ ಗಳಿಗೆಯಲ್ಲಿ:
ಮೀನು ಮೇಲೆದ್ದು ಬಂದು, ಇನ್ನೇನು
ಬಲೆ ಎತ್ತಬೇಕು ಅನ್ನುವಾಗ.

ತಿರುಗಿ ನಮ್ಮನ್ನು ನೋಡಿದ.
ಬಾಯಿ ತೆರೆದು, ಕಣ್ಣು ಮೇಲಾಗಿ,
ಒಂದೇ ಕಡೆ ಮುಖ ಮಾಡಿ ನಿಂತ ಆರು ಜನ.
ಏನೂ ಅನ್ನಲಿಲ್ಲ. ಬೈಯಲೂ ಇಲ್ಲ.

ಬೆಳಗಿನ ಹೊತ್ತಿಗೆ ನಾಲ್ಕು ಬುಟ್ಟಿ ದಗಾ ಮೀನು,
ಬೆರಳುದ್ದದ ಬೆಳ್ಳಿ. ಕೆಟ್ಟ ರಾತ್ರಿಯೇನಲ್ಲ.
ಹಗ್ಗ ಎಳೆಯುವಾಗ ಮಾತ್ರ ಮುದುಕ ಎರಡು ಸಲ
ತಲೆಯ ಮೇಲೆ ಕೈಯಾಡಿಸಿಕೊಂಡದ್ದು ಕಂಡೆ,
ಜೇಡರ ಬಲೆಗೆ ತಲೆ ತಾಗಿದವರ ಹಾಗೆ.